ಕೌದಿಯ ಚಿಂದಿ ಕಟ್ಟಿದ ಕೀಲಿಕೈ

ಮೊನ್ನೆ ಹಳೆಯ ಟ್ರಂಕಿನ ತಳದಲ್ಲಿ ಒಂದು ಕೀಲಿಕೈ ಸಿಕ್ಕಿತು. ತುದಿಗೆ ಕೌದಿಯ ನೀಲಿ ಚಿಂದಿ ಕಟ್ಟಿದೆ. ನಮ್ಮೂರು ಸಂಖದ ಚಾವಡಿಯಲ್ಲಿ ರೇಡಿಯೋ ಇಟ್ಟಿದ್ದ ಕಪಾಟಿನ ಕೀಲಿಕೈ ಅದು. ಚಿಂದಿ ಕಟ್ಟಿದವರು ನಮ್ಮ ನೆರೆಮನೆಯ ಬಾಯೇರು, ಅಂದರೆ ಟೀಚರಮ್ಮ...

ಶಾಲೆಯಲ್ಲಿ ಕಲಿಸಿ ನಿವೃತ್ತರಾಗಿದ್ದ ಕ್ರೈಸ್ತ ವಿಧವೆ ಅವರು. ಬೆಳಿಗ್ಗೆ ಕಟ್ಟೆಯ ಮೇಲೆ ಕುಳಿತು ಸತ್ಯವೇದದ ನಾಲ್ಕು ಸಾಲು ಓದುತ್ತಿದ್ದರು, ತುಟಿಯಷ್ಟೇ ಅಲುಗುತ್ತಿತ್ತು. ಆಮೇಲೆ ಪುಸ್ತಕ ಮುಚ್ಚಿ ಕೌದಿ ಹೊಲಿಯುತ್ತಿದ್ದರು. ಯಾರಿಗೂ ಉಪದೇಶ ಮಾಡಿದವರಲ್ಲ. "ಬಾಯೇರ ದೇವರು ಭಾಳ ಮೆತ್ತಗ ಮಾತಾಡ್ತಾನ" ಎಂದು ನಮ್ಮವ್ವ ನಗುತ್ತಿದ್ದಳು.

ನಾನೋ, ಗದ್ದಲದ ಗಿರಾಕಿ! ಐವತ್ತರ ದಶಕದ ನಡುವೆ ಊರಿಗೆ ರೇಡಿಯೋ ಬಂದಾಗ ಕೀಲಿಕೈ ಇಪ್ಪತ್ತು ವರ್ಷದ ನನ್ನ ಪಾಲಿಗೆ ಬಂತು. ಸಂಜೆ ರೇಡಿಯೋ ಹಚ್ಚುವುದು, ನಂತರ ವಿಜಾಪುರದ ಬಸ್ಸಿನಲ್ಲಿ ಬಂದ ಪತ್ರಿಕೆಯನ್ನು ಗಟ್ಟಿಯಾಗಿ ಓದುವುದು. ಓದುವುದೇನು, ಒಗ್ಗರಣೆ ಹಾಕಿ ಬಡಿಸುವುದು! ಮಂದಿ ಬಾಯಿ ತೆರೆದು ಕೇಳುತ್ತಿದ್ದರೆ ನನ್ನ ಕಾಲು ನೆಲದ ಮೇಲಿರುತ್ತಿರಲಿಲ್ಲ.

ಒಂದು ದಿನ ಪತ್ರಿಕೆಯಲ್ಲಿ ಸುದ್ದಿ: ನಮ್ಮ ಜತ್ತ ಕಡೆಯ ಕುರಿಗಾರನೊಬ್ಬ ಕದ್ದ ಕುರಿ ಮಾರಲು ಹೋಗಿ ವಿಜಾಪುರದ ಸಂತೆಯಲ್ಲಿ ಸಿಕ್ಕಿಬಿದ್ದನಂತೆ. ಹೆಸರಿರಲಿಲ್ಲ. ಹೆಸರು ಸೇರಿಸಿದವನು ನಾನು. ನಮ್ಮೂರ ಕುರಿಗಾರ ಕಾಕಾ ಆ ವಾರವೇ ಸಂತೆಗೆ ಹೋಗಿದ್ದ, ಇನ್ನೂ ಮರಳಿರಲಿಲ್ಲ. ನನಗೆ ಅಷ್ಟೇ ಸಾಕಾಯಿತು.

ಮೂರನೆಯ ದಿನ ಕಾಕಾ ಮರಳಿ ಬಂದ. "ಹೆಂಗೋ ಬಿಡಿಸ್ಕೊಂಡ ಬಂದಾನ" ಎಂದರು ಮಂದಿ. ಗೊಬ್ಬರಕ್ಕಾಗಿ ಅವನ ಕುರಿಗಳನ್ನು ತಮ್ಮ ಹೊಲದಲ್ಲಿ ನಿಲ್ಲಿಸಿಕೊಂಡು, ಬದಲಿಗೆ ಜೋಳ ಅಳೆಯುತ್ತಿದ್ದವರೇ "ನಮ್ಮ ಹೊಲಕ್ಕ ಬ್ಯಾಡಪಾ" ಎಂದರು. ಆ ಜೋಳದಿಂದಲೇ ಅವನ ಮನೆಯ ಒಲೆ ಉರಿಯುತ್ತಿತ್ತು. ಅವನು ಊರು ಬಿಡಲು ಗಂಟು ಕಟ್ಟತೊಡಗಿದ.

ಬಾಯೇರು ನನ್ನನ್ನು ಕರೆದರು.

"ತಮ್ಮಾ, ಕಾಕಾನ ಮಾತು ಕೇಳಿದೇನು?"

"ಇಲ್ರಿ ಬಾಯೇರ."

"ಮೊದಲ ಮಾತಾಡಿದಾಂವ ಖರೇ ಅನಸ್ತಾನ, ಇನ್ನೊಬ್ಬಾಂವ ಬಂದು ಬಾಯಿ ತಗಿಯೂತನಾ. ನಮ್ಮ ಪುಸ್ತಕದಾಗ ಐತಿ. ನೀ ಆ ಇನ್ನೊಬ್ಬಾಂವಗ ಬಾಯಿನ ತಗಿಗೊಟ್ಟಿಲ್ಲ."

ಇಷ್ಟು ಹೇಳಿ ಮತ್ತೆ ಸೂಜಿ ಹಿಡಿದರು. ಬೈದಿದ್ದರೆ ಎದುರಾಡುತ್ತಿದ್ದೆ. ಎದ್ದು ನೇರ ಕಾಕಾನ ಬಳಿ ಹೋದೆ. ಅವನ ಕಂಬಳಿಯೊಳಗೆ ಎಳೆಯ ಮರಿಯೊಂದು ಮುದುಡಿ ಮಲಗಿತ್ತು.

"ಹೊಳ್ಳಿ ಬರೂಮುಂದ ಹಾದ್ಯಾಗ ಕುರಿ ಈತು. ಮರಿ ನಡಿಯೂತನಾ ತಿಕೋಂಡಿ ಊರಾಗ ಕುಂತೆ. ಕೇಳಿದ್ರ ಹೇಳ್ತಿದ್ದೆ. ಯಾರೂ ಕೇಳಲಿಲ್ಲ."

ಅಯ್ಯೋ, ನಾಚಿಕೆಯಿಂದ ತಲೆ ತಗ್ಗಿಸಿಯೇ, ಸಂಜೆ ಚಾವಡಿಗೆ ಬಾ ಎಂದು ಅವನನ್ನು ಬೇಡಿಕೊಂಡೆ.

ಆ ಸಂಜೆ ಹಾಡಿನ ನಡುವೆಯೇ ರೇಡಿಯೋ ಬಂದ್ ಮಾಡಿದೆ. "ಏ, ಹಚ್ಚೋ!" ಎಂದು ಗದ್ದಲವೆದ್ದಿತು. ಎಂದೂ ಚಾವಡಿಗೆ ಬಾರದ ಬಾಯೇರು ಮೆಟ್ಟಿಲ ಬಳಿ ನಿಂತಿದ್ದರು.

"ಪೇಪರದಾಗ ಕಾಕಾನ ಹೆಸರಿರಲಿಲ್ಲ. ಸೇರಿಸಿದಾಂವ ನಾನು. ಸುಳ್ಳು ಹೇಳೀನಿ. ಈಗ ಕಾಕಾ ಮಾತಾಡ್ತಾನ. ಅವನ ಮಾತು ಮುಗಿಯೂತನಾ ಇದನ್ನ ಹಚ್ಚೂದಿಲ್ಲ, ಏನ ಮಾಡ್ತೀರಿ ಮಾಡ್ರಿ!"

ಕಾಕಾ ಮಾತಾಡಿದ. ಮರುದಿನ ಇಬ್ಬರು ಅವನನ್ನು ತಮ್ಮ ಹೊಲಕ್ಕೆ ಕರೆದರು. ಉಳಿದವರು ಕರೆಯಲೇ ಇಲ್ಲ. ಮುಂದಿನ ಬೇಸಿಗೆಗೆ ಅವನು ಹೆಂಡತಿ ಮಕ್ಕಳೊಂದಿಗೆ ಊರು ಬಿಟ್ಟ. ಮಾತು ಆಡಿದರೆ ಹೋಯಿತು ಎನ್ನುವುದು ಸುಮ್ಮನೆ ಅಲ್ಲ. ಅವನು ಹೋದ ದಿನವೇ ಬಾಯೇರು ಕೀಲಿಕೈಗೆ ಚಿಂದಿ ಕಟ್ಟಿಕೊಟ್ಟರು. "ಕಪಾಟ ತಗಿಯೂ ಮುಂಚೆ ಇದು ಕೈಗೆ ಹತ್ತಲಿ, ಆ ಇನ್ನೊಬ್ಬಾಂವ ನೆನಪಾಗ್ಲಿ" ಎಂದರು. ಎರಡು ವರ್ಷಕ್ಕೆ ಅವರೂ ಮಣ್ಣು ಸೇರಿದರು...

ಕೀಲಿಕೈ ಇನ್ನೂ ಅಂಗೈಯಲ್ಲೇ ಇತ್ತು, ಸೊಸೆ ಫೋನು ಹಿಡಿದು ಬಂದಳು. "ಮಾವಾರ, ನಮ್ಮ ಹಾಲಿನಾಂವ ಹಾಲಿಗೆ ಪೌಡರ್ ಕಲಸ್ತಾನಂತ ನೋಡ್ರಿ. ಎಲ್ಲಾರಿಗೂ ಕಳಸ್ಲೇನು?"

"ಅವನ್ನ ಕೇಳಿದೇನವ್ವಾ?"

ಅವಳು ಕೇಳಿರಲಿಲ್ಲ. ಕಾಕಾನಿಗೆ ನಾನು ಮಾಡಿದ್ದು ಪೂರ್ತಿ ತೊಳೆದುಹೋಗಲಿಲ್ಲ. ಇನ್ನು ಹೋಗುವುದೂ ಇಲ್ಲ. ಹಾಲಿನವನ ಮನೆ ಮೂರು ಓಣಿ ಆಚೆ. ತೊಂಬತ್ತರ ಹತ್ತಿರದ ಮೊಣಕಾಲು ಬೇಡ ಅನ್ನುತ್ತಿದ್ದವು. ಕೋಲು ತೆಗೆದುಕೊಂಡೆ, ಚಪ್ಪಲಿ ಮೆಟ್ಟಿದೆ.

"ನಾ ಹೋಗಿ ಬರೂತನಾ ಕಳಸಬ್ಯಾಡ" ಎಂದೆ.