ತೊಳೆದ ಹುಣಸೆಹಣ್ಣು

ನಮ್ಮ ಮನೆಯಲ್ಲಿ ಹುಣಸೆಹಣ್ಣಿಗೆ ನೀರು ಸೋಕಿಸುವುದಿಲ್ಲ. ಬಡಿದು, ಬೀಜ, ನಾರು ತೆಗೆದು, ಬಿಸಿಲಿಗೆ ಹರಡಿ, ಕಾವು ಆರುವ ಮೊದಲೇ ಕಲ್ಲುಪ್ಪು ಬೆರೆಸಿ ಜಾಡಿಗೆ ಒತ್ತಬೇಕು. ಒದ್ದೆ ಕೈಯವರು ಜಾಡಿಯ ಕೋಣೆಗೇ ಬರಬಾರದು. ಇದು ನಮ್ಮತ್ತೆ ಹಾಕಿಕೊಟ್ಟ ಕ್ರಮ, ಅವರಿಗೆ ಅವರತ್ತೆ. ಬಂಗಾರಪೇಟೆ ಪಕ್ಕದ ನಮ್ಮ ಹೊಲದ ಬದುವಿನಲ್ಲಿರುವುದು ಒಂದೇ ಮರ. ಅದರ ಹಣ್ಣು ನಮಗೂ, ಬೇತಮಂಗಲಕ್ಕೆ ಕೊಟ್ಟ ನಾದಿನಿಗೂ ವರ್ಷವಿಡೀ ಆಗಬೇಕು. ಯುಗಾದಿಗೆ ಬಂದಾಗ ಅವಳು ತನ್ನ ಪಾಲು ಒಯ್ಯುತ್ತಾಳೆ.

ಸೊಸೆ ಬಂದ ಮೊದಲ ಯುಗಾದಿ. ಹಬ್ಬದ ಹಿಂದಿನ ಬೆಳಿಗ್ಗೆ, ಬಿಡಿಸಿಟ್ಟ ಹಣ್ಣನ್ನು ಬಿಸಿಲಿಗೆ ಹರಡಲು ಅವಳಿಗೆ ಹೇಳಿ ಡೈರಿಗೆ ಹಾಲು ಹಾಕಲು ಹೋದೆ. ಬರುವಷ್ಟರಲ್ಲಿ ಬುಟ್ಟಿಯಿಂದ ಕಂದು ನೀರು ಸೋರುತ್ತಿತ್ತು. ಅವಳು ಚಿನ್ನದ ಗಣಿ ಕೆಲಸಗಾರರ ಕೋರಮಂಡಲ್ ಲೈನಿನ ಮನೆಯಲ್ಲಿ ಬೆಳೆದವಳು. ಗಾಳಿ ಎದ್ದರೆ ಅಲ್ಲಿ ಅದಿರು ಅರೆದು ಸುರಿದ ಸೈನೈಡ್ ದಿಬ್ಬದ ದೂಳು ಬಡಿಸಿದ ಅನ್ನದ ಮೇಲೂ ಕೂರುತ್ತದೆ. ಹೊರಗಿಂದ ಬಂದದ್ದನ್ನು ತೊಳೆಯದೆ ಒಳಗಿಡುವುದು ಅವರಲ್ಲಿಲ್ಲ.

“ದೂಳಿತ್ತು ಅಂತ ಎರಡು ನೀರಲ್ಲಿ ತೊಳ್ದೆ ಅತ್ತೆ,” ಎಂದಳು.

ನೆನೆದ ಹಣ್ಣು ಮತ್ತೆ ಬಿಸಿಲಿಗಿಟ್ಟರೂ ಒಳಗೆ ಆರುವುದಿಲ್ಲ; ಜಾಡಿಗೆ ಹಾಕಿದರೆ ಬೂಷ್ಟು ಹಿಡಿದು ಅಷ್ಟೂ ತಿಪ್ಪೆಗೆ. ಬೈಯುತ್ತ ಕೂರಲು ಹೊತ್ತಿರಲಿಲ್ಲ. ಅಷ್ಟರಲ್ಲಿ ನಾದಿನಿ ಚೀಲ ಹಿಡಿದು ಬಂದು ಬುಟ್ಟಿಗೆ ಬಗ್ಗಿದಳು.

“ಏನತ್ತಿಗೆ, ಉಣಸೆಣ್ಣಿಗೆ ಈಗ್ಲೇ ಎಣ್ಣೆನೀರು ಆಕ್ಬುಟ್ಟಿದ್ದೀಯಾ? ಅಬ್ಬ ನಾಳೆ ಅಲ್ವಾ?”

ಸೊಸೆ ಮೆಲ್ಲಗೆ ಹೇಳಿದಳು. “ಎಣ್ಣೇಲಿ ಕಾಸಿಟ್ರೆ ಉಳೀತದೆ ಅತ್ತೆ. ನಮ್ಮಮ್ಮ ಪುಳಿಕಾಚಲ್ ಅಂತ ಮಾಡ್ತಾರೆ. ಕಿವುಚಿ, ಉಪ್ಪು, ಮೆಣಸಿನ್ಕಾಯಿ, ಎಳ್ಳೆಣ್ಣೆ ಆಕಿ, ಎಣ್ಣೆ ಬಿಡೋಗಂಟ ಕಾಸೋದು.”

“ಒಂದು ಬಟ್ಲು ಮಾಡೋದು ಬ್ಯಾರೆ ಕಣಮ್ಮಿ, ಬುಟ್ಟಿ ಕಾಸೋದು ಬ್ಯಾರೆ,” ಎಂದಳು ನಾದಿನಿ.

“ಮೆಣಸಿನ್ಕಾಯಿ ಬ್ಯಾಡ,” ಎಂದೆ ನಾನು. “ಸಾರಿಗೂ ಆಗ್ಬೇಕು. ಒಲೆ ಅಚ್ಚು.”

ತಾಮ್ರ, ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಬಿಡುತ್ತದೆ. ಅದಕ್ಕೆ ಹಬ್ಬದ ಅನ್ನ ಬೇಯಿಸುವ ದೊಡ್ಡ ಸ್ಟೀಲ್ ಪಾತ್ರೆ ಇಳಿಸಿ ಅಂಗಳದಲ್ಲೇ ಮೂರು ಕಲ್ಲು ಹೂಡಿದೆ. ಸೊಸೆ ಕಿವುಚಿ ಸೋಸಿಕೊಟ್ಟಳು. ನಾನು ಉರಿ ನೋಡಿಕೊಂಡೆ. ರಸ ಕುದ್ದು ಸಿಡಿಯತೊಡಗಿದಾಗ ನಾದಿನಿಯೇ ಸೆರಗು ಸಿಕ್ಕಿಸಿ, ಮುದ್ದೆ ತಿರುವುವ ಕೋಲು ಹಿಡಿದು ನಿಂತಳು. “ನಾನು ಕೈ ಸುಟ್ಕೊಂಡ್ರೆ ನಾಳೆ ಓಳಿಗೆ ನೀನೇ ತಟ್ಬೇಕು ನೋಡು,” ಎಂದು ಸೊಸೆಗೆ ಗದರುತ್ತಲೇ ತಿರುವಿದಳು. ಹೊತ್ತು ಇಳಿಯುವಾಗ ಪಾತ್ರೆಯ ಅಂಚಿನಲ್ಲಿ ಎಣ್ಣೆ ಬಿಟ್ಟಿತು. ಆರಿಸಿ, ಬಿಸಿಲಲ್ಲಿ ಒಣಗಿಸಿದ ಜಾಡಿಗೆ ತುಂಬಿ ಬಟ್ಟೆ ಕಟ್ಟಿದೆ. ನಾದಿನಿ ತನ್ನ ಪಾಲು ಒಯ್ದಳು, ನಂಬಿಕೆಯಿಲ್ಲದೆಯೇ.

ಹಳೆಯ ಹಣ್ಣು ಮುಗಿಯದೆ ಹೊಸದನ್ನು ನಾವು ಮುಟ್ಟುವುದಿಲ್ಲ. ಹಾಗಾಗಿ ಜಾಡಿ ತೆಗೆಯುವಾಗ ಮಳೆ ಹಿಡಿದಿತ್ತು, ಗೋಡೆಯೆಲ್ಲ ತಂಪು. ಬಟ್ಟೆ ಬಿಚ್ಚುವಾಗ, ಬೂಷ್ಟು ಕಂಡರೆ ಈ ಹುಡುಗಿಗೆ ಏನು ಹೇಳಲಿ ಎಂಬುದೊಂದೇ ಯೋಚನೆ. ಕಾಣಲಿಲ್ಲ. ಮೇಲೆ ಎಣ್ಣೆ ತಿಳಿಯಾಗಿ ನಿಂತಿತ್ತು. ಒಣ ಸೌಟಿನಲ್ಲಿ ತುಸು ತೆಗೆದು ನಾಲಿಗೆಗೆ ಹಚ್ಚಿದೆ. ಹುಳಿ ಹುಳಿಯಾಗಿಯೇ ಇತ್ತು. ಬೇಸಿಗೆಯಿಂದ ಹೊತ್ತಿದ್ದ ಭಾರ ಇಳಿದಂತಾಯಿತು.

ಸೊಸೆ ಪಾತ್ರೆ ತೊಳೆಯುತ್ತಿದ್ದವಳು ಎದ್ದು ಬಂದು, ನೀರಿಳಿಯುವ ಕೈಗಳನ್ನು ದೂರ ಹಿಡಿದು, ಹೊಸಿಲಾಚೆಯೇ ನಿಂತಿದ್ದಳು.

“ಎಂಗೈತೆ ಅತ್ತೆ?”

“ಕೈ ಒರಸ್ಕೊಂಡು ಬಾ. ಸಾರಿಗೆ ನೀನೇ ತಕ್ಕೊ,” ಎಂದು ಸೌಟನ್ನು ಅವಳಿಗೆ ಚಾಚಿದೆ.