ಮೀನು ಬೇಯದ ಒಲೆ ಹುಡುಕಿದ್ದು

ದೆವ್ವ, ಗಾಳಿ, ಮಾಟ ಎಂಬ ಮಾತು ಬಂದರೆ ಮೊದಲು ನಗುತ್ತಿದ್ದವಳು ನಾನೇ. ನಮ್ಮದು ಗದಗ-ಬೆಟಗೇರಿಯಲ್ಲಿ ಕನ್ನಡಕದ ಅಂಗಡಿ. ನಾನೂ ನನ್ನ ಗಂಡನೂ ಕೂಡಿ ನಡೆಸುತ್ತೇವೆ. ಬೇವಿನ ಗಿಡದ ಕೆಳಗೆ ಬಿಳಿ ಸೀರೆ ಕಂಡಿತು ಎಂದು ಯಾರಾದರೂ ಹೇಳಿದರೆ, "ಒಮ್ಮಿ ಅಂಗಡಿಗೆ ಬಂದು ನಂಬರ್ ತೋರಿಸ್ಕೊಳ್ರಿ" ಎಂದು ಹೇಳಿ ಕಳಿಸುತ್ತಿದ್ದೆ. ಕಣ್ಣು ಎಷ್ಟು ಸುಳ್ಳು ಹೇಳುತ್ತದೆ ಎಂಬುದನ್ನು ದಿನಾ ನೋಡುವವರಿಗೆ ದೆವ್ವದ ಭಯ ಇರುವುದಿಲ್ಲ. ಈಗ ನಾನು ಬರೆಯುತ್ತಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರಿಗೂ ಅದೇ ಉತ್ತರ ಕೊಡುತ್ತಿದ್ದೆ. ಓದುವವರು ನನಗೂ ಅದನ್ನೇ ಹೇಳಿದರೆ ನನಗೆ ಸಿಟ್ಟಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಅತ್ತೆಯ ಕಣ್ಣಿನ ನರ ಒಣಗುತ್ತಿದೆ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳುವ ಹೊತ್ತಿಗೆ ಅವರಿಗೆ ಎಡಬಲದ ನೋಟ ಆಗಲೇ ಹೋಗಿತ್ತು. ಕೊಳವೆಯೊಳಗಿಂದ ನೋಡಿದ ಹಾಗೆ ನಡುವೆ ಒಂದಿಷ್ಟು ಮಾತ್ರ ಕಾಣುತ್ತಿತ್ತು. ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ, ಹನಿ ಹಾಕಿಕೊಂಡು ಸಾಧ್ಯವಾದಷ್ಟು ದಿನ ಕಾಯ್ದುಕೊಳ್ಳಿ ಎಂದರು. ಊರ ಮಂದಿಗೆಲ್ಲ ಗಾಜು ಕೂಡಿಸಿ ಕೊಡುವ ನನ್ನ ಹತ್ತಿರ ಅವರಿಗೆ ಆಗುವ ಗಾಜು ಇರಲಿಲ್ಲ. ಅತ್ತೆ ಅಳಲಿಲ್ಲ. ಬಸ್ಸಿನಲ್ಲಿ ನನ್ನ ಪಕ್ಕ ಕೂತು ಒಂದೇ ಮಾತು ಕೇಳಿದರು.

"ಕಣ್ಣ ಇರೂದ್ರಾಗ ಒಮ್ಮಿ ಸಮುದ್ರ ನೋಡಬೇಕವ್ವಾ. ಟೀವ್ಯಾಗ ನೋಡೇನಿ, ಅಂಗೈಯಷ್ಟ ಕಾಣ್ತೈತಿ. ಖರೇ ಎಷ್ಟ ದೊಡ್ಡದೈತಿ ಅಂತ ನೋಡಬೇಕು."

ಗದಗದಿಂದ ಸಮುದ್ರವೇನು ದೇಶಾಂತರವಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನಕ್ಕೆ ಮುಟ್ಟಬಹುದು. ಆದರೂ ಅವರ ಜೀವಮಾನದಲ್ಲಿ ಅದು ಆಗಿರಲಿಲ್ಲ. ಒಂದು ವರ್ಷ ಸುಗ್ಗಿ, ಒಂದು ವರ್ಷ ಬಾಣಂತನ, ಇನ್ನೊಂದು ವರ್ಷ ಯಾರದೋ ಸಾವು. ಈ ಸಲ ಏನಾದರೂ ಆಗಲಿ, ದಸರೆಯ ರಜೆಯಲ್ಲಿ ಎಲ್ಲರೂ ಕೂಡಿ ಹೋಗುವುದು ಎಂದು ನಾನೇ ಹಟ ಹಿಡಿದೆ. ಹಟ ಹಿಡಿದವರ ಕೊರಳಿಗೇ ಗಂಟೆ. "ನೀನ ಮನಿ ನೋಡು, ನಿನಗ ಮೊಬೈಲ್ ಚೊಲೊ ಬರ್ತೈತಿ" ಎಂದು ನನ್ನ ಗಂಡ ಕೈ ತೊಳೆದುಕೊಂಡರು.

ಹನ್ನೊಂದು ಮಂದಿ. ಹೋಟೆಲಿನಲ್ಲಿ ಉಳಿಯುವ ಹಾಗಿಲ್ಲ, ಯಾಕೆಂದರೆ ಅತ್ತೆ ಲಿಂಗಪೂಜೆಯಾಗದೆ ಬಾಯಿಗೆ ನೀರು ಹಾಕುವವರಲ್ಲ, ಹೊರಗಿನದನ್ನು ತಿನ್ನುವವರಲ್ಲ. ಅಡುಗೆಮನೆ ಇರುವ ಇಡೀ ಮನೆಯೇ ಬಾಡಿಗೆಗೆ ಬೇಕು. ಆ ಒಲೆಯ ಮೇಲೆ ಮೀನು, ಮಾಂಸ ಬೆಂದಿರಬಾರದು. ಸಮುದ್ರದ ದಂಡೆಯಲ್ಲಿ ಮೀನು ಬೇಯದ ಒಲೆ! ಅದರ ಮೇಲೆ ಲಕ್ಷ್ಮೇಶ್ವರದ ನೆಗೆಣ್ಣಿಗೆ, ಅಂದರೆ ನನ್ನ ಮೈದುನನ ಹೆಂಡತಿಗೆ, ಎಸಿ ಇರಬೇಕು. ಮುಂಡರಗಿಗೆ ಕೊಟ್ಟಿರುವ ನಾದಿನಿಗೆ ಮೊಣಕಾಲು ನೋವು, ಮೆಟ್ಟಿಲು ಇರಬಾರದು. ಹತ್ತು ಮಂದಿ ಸೇರಿದಲ್ಲಿ ಹಾವು ಸಾಯುವುದಿಲ್ಲ ಎನ್ನುತ್ತಾರೆ; ನಮ್ಮಲ್ಲಿ ಹನ್ನೊಂದು ಮಂದಿ.

ಇಂಥ ಮನೆಯನ್ನು ಮೊಬೈಲಿನಲ್ಲಿ ಹುಡುಕಿದವರಿಗೆ ಮಾತ್ರ ನನ್ನ ಪಾಡು ತಿಳಿದೀತು. 'ಸಮುದ್ರಕ್ಕೆ ಎದುರು' ಎಂದು ಬರೆದ ಮನೆಯ ಎದುರಿಗೆ ಇನ್ನೊಂದು ಮನೆಯ ಗೋಡೆ. 'ಅಡುಗೆಮನೆ ಉಂಟು' ಎಂದರೆ ಸ್ಟೂಲಿನ ಮೇಲೊಂದು ಕರೆಂಟಿನ ಒಲೆ. ಫೋಟೋದಲ್ಲಿ ಕಲ್ಯಾಣಮಂಟಪದಷ್ಟು ಕಾಣುವ ಖೋಲಿ ನಿಜದಲ್ಲಿ ನಮ್ಮ ಅಂಗಡಿಯಷ್ಟಿರುತ್ತದೆ. ಅಗಲ ಲೆನ್ಸಿನ ಆಟ ನನಗೆ ಹೇಳಿಕೊಡಬೇಕಾಗಿಲ್ಲ. ಒಂದು ಮನೆ ಎಲ್ಲ ರೀತಿಯಿಂದ ಹೊಂದಿತು ಎಂದು ಗಂಡನಿಗೆ ತೋರಿಸಿ, ನೆಗೆಣ್ಣಿಗೆ ಕಳಿಸಿ, ನಾದಿನಿಯ ಒಪ್ಪಿಗೆ ತೆಗೆದುಕೊಂಡು ಬರುವಷ್ಟರಲ್ಲಿ ಅದು ಬೇರೆ ಯಾರದೋ ಪಾಲಾಗಿರುತ್ತಿತ್ತು. ಮತ್ತೆ ಮೊದಲಿನಿಂದ ಶುರು. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ನೋಡಿದೆ. ಲೆನ್ಸಿನ ಬೆಲೆ ನೋಡಲು ಮೊಬೈಲ್ ತೆಗೆದರೂ ಬದಿಯಲ್ಲಿ ಅದೇ ಮನೆಗಳು ಬಂದು ನಿಲ್ಲುತ್ತಿದ್ದವು. ಕಣ್ಣು ಮುಚ್ಚಿದರೆ ಗುರುತಿಲ್ಲದವರ ಮಂಚಗಳು, ಗುರುತಿಲ್ಲದವರ ಕಿಟಕಿಗಳು. ಬಿಟ್ಟುಬಿಡೋಣ ಎಂದರೆ ಅತ್ತೆಯ ಕಣ್ಣು ನನಗಾಗಿ ಕಾಯುತ್ತಿರಲಿಲ್ಲ. ಹನಿ ಹಾಕುವಾಗ ದಿನಕ್ಕೊಮ್ಮೆ "ಸಿಕ್ತೇನವ್ವಾ?" ಎಂದು ಕೇಳುವರು. ಇಲ್ಲ ಎಂದರೆ, "ಇರ್ಲಿ ಬಿಡು" ಎನ್ನುವರು. ಆ 'ಇರ್ಲಿ ಬಿಡು' ಕೇಳಿದಾಗಲೆಲ್ಲ ನಾನು ಮತ್ತೆ ಮೊಬೈಲ್ ಕೈಗೆತ್ತಿಕೊಳ್ಳುತ್ತಿದ್ದೆ.

ಆಗ ಆ ಮನೆ ಸಿಕ್ಕಿತು. ಅಂಕೋಲಾದ ಆಚೆ ಎಲ್ಲೋ. ಫೋಟೋ ತೆಗೆದವರಿಗೆ ಫೋಟೋ ತೆಗೆಯಲು ಬರುತ್ತಿರಲಿಲ್ಲ, ಅದರಿಂದಲೇ ನನಗೆ ನಂಬಿಕೆ ಬಂತು. ಕೆಂಪು ಗಾರೆಯ ನೆಲ, ಕಟ್ಟಿಗೆಯ ಕಂಬ, ಒಂದು ಒರಳು. ಉಳಿದು ಹೋದವರು ಯಾರೂ ಏನೂ ಬರೆದಿರಲಿಲ್ಲ. ಕೆಳಗೆ ಒಂದು ಸಾಲು ಇತ್ತು: ಶುದ್ಧ ಶಾಕಾಹಾರಿ ಅಡುಗೆಮನೆ, ಹಿತ್ತಲ ಬಾಗಿಲು ತೆರೆದರೆ ಸಮುದ್ರ.

ಮಧ್ಯಾಹ್ನದ ಹೊತ್ತು. ಗಂಡ ಊಟಕ್ಕೆ ಹೋಗಿದ್ದರು. ಅತ್ತೆ ಹನಿ ಹಾಕಿಸಿಕೊಳ್ಳಲು ಬಂದು ಅಂಗಡಿಯಲ್ಲೇ ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಅಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಹೆಣ್ಣುಮಗಳೊಬ್ಬಳು ಎತ್ತಿದಳು. ಮಾತು ನಮ್ಮ ಕಡೆಯದೇ. ತನ್ನ ತವರು ಶಿರಹಟ್ಟಿ ಕಡೆ, ಇಲ್ಲಿಗೆ ಕೊಟ್ಟಿದ್ದಾರೆ ಎಂದಳು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಅಲ್ಲೇ ಮುಂಗಡ ಕಳಿಸುವವಳಿದ್ದೆ. "ತಡೀರಿ ಅಕ್ಕಾರ, ಮದ್ಲ ಮನಿ ನೋಡ್ರಿ. ವಿಡಿಯೋದಾಗ ತೋರಸ್ತೀನಿ" ಎಂದಳು. ನಾನು ಫೋನನ್ನು ಅತ್ತೆಗೂ ಕಾಣುವ ಹಾಗೆ ಹಿಡಿದೆ.

ಅವಳ ಮುಖ ಒಮ್ಮೆಯೂ ಕಾಣಲಿಲ್ಲ. ಬಾಗಿಲು ತೆರೆಯುವಾಗ ಹಸಿರು ಬಳೆಯ ಕೈ ಮಾತ್ರ ಮುಂದೆ ಬರುತ್ತಿತ್ತು. ಪಡಸಾಲೆ ತೋರಿಸಿದಳು, ಎರಡು ಖೋಲಿ ತೋರಿಸಿದಳು, ಅಡುಗೆಮನೆ ತೋರಿಸಿದಳು. ಒಲೆ ಚೊಕ್ಕವಾಗಿತ್ತು. ಸಮುದ್ರದ ಸಪ್ಪಳ ಕೇಳುತ್ತಿತ್ತು. "ಇದ ನೋಡ್ರಿ ಹಿತ್ತಲ ಬಾಗ್ಲಾ" ಎಂದು ತೆರೆದಳು. ಅಲ್ಲಿ ಇನ್ನೊಂದು ಖೋಲಿ ಇತ್ತು.

"ಇದೊಂದ ಖೋಲಿ ಐತ್ರಿ" ಎಂದು ಅವಳೇ ಹೇಳಿ ಮುಂದೆ ಹೋದಳು. ಅದರಾಚೆಯ ಬಾಗಿಲು ತೆರೆದಳು. ಮತ್ತೊಂದು ಖೋಲಿ. ದೊಡ್ಡ ಮನೆ ಎಂದುಕೊಂಡೆ. ಹನ್ನೊಂದು ಮಂದಿಗೆ ಸಾಕಾಗುತ್ತದೆ ಎಂದು ಖುಷಿಯೂ ಆಯಿತು. ಆದರೆ ಬಾಗಿಲ ಹಿಂದೆ ಬಾಗಿಲು ಬರುತ್ತಲೇ ಇತ್ತು. ಖೋಲಿಗಳು ಸಣ್ಣವಾಗುತ್ತಾ ಬಂದವು, ಜಂತಿ ಕೆಳಗಿಳಿಯುತ್ತಾ ಬಂತು. ಕಿಟಕಿ ಎಲ್ಲೂ ಇರಲಿಲ್ಲ. ಸಮುದ್ರದ ಸಪ್ಪಳ ಮಾತ್ರ ಪ್ರತಿ ಬಾಗಿಲಿಗೂ ಹೆಚ್ಚಾಗುತ್ತಿತ್ತು, ಮುಂದಿನದು ತೆರೆದರೆ ನೀರೇ ಒಳಗೆ ನುಗ್ಗುತ್ತದೇನೋ ಎನ್ನುವಷ್ಟು. "ಸಾಕ್ರೀ, ಆತು" ಎಂದೆ. ಅಂದೆನೆಂದು ತಿಳಿದಿದ್ದೇನೆ; ನನ್ನ ದನಿ ನನಗೇ ಕೇಳಲಿಲ್ಲ. "ಬರ್ರಿ ಅಕ್ಕಾರ, ಇನ್ನೊಂದ ಬಾಗ್ಲಾ" ಎಂದಳು.

ಕೆಂಪು ಗುಂಡಿ ಒತ್ತಿದೆ. ಕಟ್ ಆಗಲಿಲ್ಲ. ಮತ್ತೆ ಮತ್ತೆ ಒತ್ತಿದೆ. ನನ್ನ ಮೊಣಕೈ ಅಂಗಡಿಯ ಗಾಜಿನ ಕಪಾಟಿನ ಮೇಲಿದೆ, ಗಾಜು ತಣ್ಣಗಿದೆ, ನಾನು ನನ್ನ ಅಂಗಡಿಯಲ್ಲೇ ಕೂತಿದ್ದೇನೆ ಎಂಬ ಅರಿವು ಪೂರ್ತಿ ಇತ್ತು. ಆದರೆ ಕಣ್ಣು ಮೇಲೆತ್ತಲು ಆಗುತ್ತಿರಲಿಲ್ಲ. ಕನ್ನಡಕ ಒಯ್ಯಲು ಬಂದ ಕಳಸಾಪುರದ ರೈತರೊಬ್ಬರು "ಅಕ್ಕಾರ, ಅಕ್ಕಾರ" ಎಂದು ಕರೆದದ್ದು ಗೋಡೆಯಾಚೆಯಿಂದ ಕೇಳಿದ ಹಾಗೆ ಕೇಳಿತು. ಅವರು ತಿರುಗಿ ಹೋದದ್ದೂ ಗೊತ್ತಾಯಿತು. ನಾನು ಒಳಗಿದ್ದೆ, ಅವರು ಹೊರಗಿದ್ದರು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ಅಷ್ಟು ಹೆದರಿಕೆ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಇನ್ನು ನಾನು ಹೊರಗೆ ಬರುವುದಿಲ್ಲ, ಮಕ್ಕಳು ಶಾಲೆಯಿಂದ ಬಂದು ಹುಡುಕುತ್ತಾರೆ ಎಂದು ಅಳು ಬಂತು.

ಆಗ ಪಕ್ಕದಲ್ಲಿ ಅತ್ತೆ "ಅಬ್ಬಾ" ಎಂದರು. ಮೆಲ್ಲಗೆ, ಉಸಿರಿನಲ್ಲಿ. ಸ್ವಲ್ಪ ಹೊತ್ತು ಬಿಟ್ಟು ಅವರ ದನಿ ಮತ್ತೆ ಬಂತು. ಮನೆಗೆ ಬಂದ ಬೀಗರ ಜೊತೆ ಮಾತಾಡುವ ದನಿ.

"ಚೊಲೊ ಐತವ್ವಾ ತಂಗಿ, ನಿಮ್ಮ ಮನಿ. ನಮ್ಮ ಸೊಸಿ ಅಂಗಡಿ ಬಿಟ್ಟ ಬಂದಾಳ. ಇನ್ನ ಕುಂಕುಮ ಹಚ್ಚಿ ಕಳಸಿಕೊಡು."

ನಮ್ಮಲ್ಲಿ ಒಬ್ಬರ ಮನೆಗೆ ಹೋದ ಹೆಣ್ಣುಮಗಳು ಸುಮ್ಮನೆ ಎದ್ದು ಬರುವುದಿಲ್ಲ. ಆ ಮನೆಯವರು ಕುಂಕುಮ ಹಚ್ಚಬೇಕು, ಹೋಗಿ ಬಾ ಎನ್ನಬೇಕು, ಹೊಸ್ತಿಲವರೆಗೆ ಬರಬೇಕು. ಕಳಿಸಿಕೊಟ್ಟ ಮೇಲೇ ಬರುವುದು. ಫೋನಿನಲ್ಲಿ ಮನೆ ನೋಡಿದವರಿಗೂ ಆ ರೀತಿ ಉಂಟೆಂದು ನನಗೆ ಹೊಳೆದಿರಲಿಲ್ಲ.

"ಆತ್ರೀ ಅವ್ವಾರ" ಎಂದಳು ಅವಳು. ಬಳೆಯ ಕೈ ಮೊದಲ ಸಲ ಬಾಗಿಲ ಕಡೆ ಹೋಗದೆ ನನ್ನ ಕಡೆ ಬಂತು. ಉಂಗುರದ ಬೆರಳು ಪರದೆಯ ತುಂಬ ಆಯಿತು, ಫೋನ್ ಕಪ್ಪಾಯಿತು. ನನ್ನ ತಲೆ ಮೇಲೆದ್ದಿತು. ಹೊರಗೆ ಬಿಸಿಲು, ಟಂಟಂ ಗಾಡಿಗಳ ಗದ್ದಲ. ಅಂಗಡಿಯ ಕನ್ನಡಿಯಲ್ಲಿ ಹಣೆ ನೋಡಿಕೊಂಡೆ. ದಿನದ ಟಿಕಳಿಯ ಹೊರತು ಏನೂ ಇರಲಿಲ್ಲ. ಬದುಕಿದೆ ಎಂದುಕೊಂಡೆ. ಸಂಜೆ ಆ ರೈತರು ಮತ್ತೆ ಬಂದು, "ಈಗಿನ ಮಂದಿ ಮೊಬೈಲ್ ಹಿಡದ್ರ ದೇವ್ರ ಬಂದ್ರೂ ಏಳಂಗಿಲ್ಲ" ಎಂದು ಬೈದು ಕನ್ನಡಕ ಒಯ್ದರು. ನಾನು ಅಷ್ಟು ಸಂತೋಷದಿಂದ ಯಾರ ಬೈಗುಳವನ್ನೂ ಕೇಳಿಲ್ಲ.

ಆ ದಿನ ಊಟಕ್ಕೆ ಕೂತಾಗ ಅತ್ತೆ ಎಲ್ಲರ ಮುಂದೆ ಹೇಳಿದರು. "ಇನ್ನ ಮನಿ ಹುಡಕಬ್ಯಾಡ್ರಿ. ನಾ ಸಮುದ್ರ ನೋಡಿದೆ."

"ಫೋನಿನ್ಯಾಗನ?" ಎಂದು ನನ್ನ ಗಂಡ ನಕ್ಕರು.

"ಎದ್ರಾಗರ ಆಗ್ಲಿ. ಎರಿ ಹೊಲ ಮುಗದ ಮ್ಯಾಲ ಇನ್ನೊಂದ ಎರಿ ಹೊಲ ಇಟ್ಟಂಗ ಐತಪಾ. ಬಿತ್ತಿಲ್ಲ, ಬೆಳದಿಲ್ಲ, ಸುಮ್ನ ಹೊಳ್ಳಾಡ್ತೈತಿ. ಗೋಣ ಈ ಕಡಿಂದ ಆ ಕಡೀಗೆ ತಿರಿವಿ ನೋಡಿದೆ, ದಂಡಿ ಸಿಗಲಿಲ್ಲ."

ಅಂಗೈಯಗಲದ ಫೋನ್ ನೋಡಲು ಯಾರೂ ಗೋಣು ತಿರುಗಿಸಬೇಕಾಗಿಲ್ಲ. ಅದೂ ಅಲ್ಲದೆ ಅವರು ನೋಡಿದ ಫೋನನ್ನೇ ನಾನೂ ನೋಡಿದ್ದೆ. ನನಗೆ ಕಂಡದ್ದು ಖೋಲಿಗಳು. ಕಂಡ ಖೋಲಿಗಳನ್ನೂ ಕೇಳಿದ ಸಪ್ಪಳವನ್ನೂ ಗಂಡನಿಗೂ ಹೇಳಲಿಲ್ಲ.

ಮರುದಿನ ಧೈರ್ಯ ಮಾಡಿ ಆ ನಂಬರಿಗೆ ಬರೀ ಮಾತಿನ ಕರೆ ಮಾಡಿದೆ. ಅವಳೇ ಎತ್ತಿದಳು. ಏನೂ ಆಗಿಲ್ಲ ಎಂಬ ಹಾಗೆ, "ಅಕ್ಕಾರ, ನಿನ್ನೆ ನಡುವ ಕಟ್ ಆತಲ್ರಿ. ಸಮುದ್ರ ತೋರಸೂದ ಒಂದ ಉಳಿದಿತ್ತು" ಎಂದಳು. ಮನೆ ಬೇಡವೆಂದು ಹೇಳಿ, ಮರೆಯದೆ "ಬರ್ತೀನ್ರಿ" ಎಂದು ಫೋನ್ ಇಟ್ಟೆ.

ನಾನು ನನಗೇ ಒಂದು ಸಮಾಧಾನ ಕಟ್ಟಿಕೊಂಡೆ. ಹಗಲು ರಾತ್ರಿ ಮನೆ ಹುಡುಕಿ ಹುಡುಕಿ ನನ್ನ ತಲೆ ಕೆಟ್ಟಿತ್ತು, ಅದಕ್ಕೇ ಖೋಲಿಗಳು ಕಂಡವು. ಅತ್ತೆ ಸಮುದ್ರ ಕಂಡೆನೆಂದದ್ದು ಕರುಣೆಯ ಸುಳ್ಳು. ಸೊಸೆ ಈ ಹುಡುಕಾಟದಲ್ಲಿ ಸಾಯುತ್ತಿದ್ದಾಳೆ, ಬಿಡಿಸೋಣ ಎಂದುಕೊಂಡು ಹಾಗೆ ಹೇಳಿದ್ದಾರೆ. ಆ ಸುಳ್ಳಿಗೆ ನಾನು ಒಳಗೊಳಗೆ ಅತ್ತಿದ್ದೂ ಉಂಟು. ಮನೆಯವರೆಲ್ಲ ನಿರಾಳವಾದರು, ದಸರೆ ಬಂದು ಹೋಯಿತು, ಯಾರೂ ಎಲ್ಲೂ ಹೋಗಲಿಲ್ಲ. ಮುಂದಿನ ಸುಗ್ಗಿಯ ಹೊತ್ತಿಗೆ ಅತ್ತೆಯ ಕಣ್ಣು ಪೂರ್ತಿ ಹೋಯಿತು. ಆಗ ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಕಡೆಗೆ ನನ್ನ ಮೈದುನ ಲಕ್ಷ್ಮೇಶ್ವರದಿಂದ ಒಂದು ಗಾಡಿ ಮಾಡಿಕೊಂಡು ಬಂದ. ಕಾಣದಿದ್ದರೆ ಏನಾಯಿತು, ನೀರಿನಲ್ಲಿ ಕಾಲಾದರೂ ಇಡಲಿ ಎಂದ. ಯಾವ ಮನೆಯನ್ನೂ ಹುಡುಕಲಿಲ್ಲ. ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೋಗಿ ಗುಡಿಯೊಂದರ ಯಾತ್ರಿನಿವಾಸದಲ್ಲಿ ಉಳಿದೆವು. ಎಸಿ ಇಲ್ಲದ್ದಕ್ಕೆ ನೆಗೆಣ್ಣಿ ಚಕಾರ ಎತ್ತಲಿಲ್ಲ.

ಬೆಳಿಗ್ಗೆ ಅತ್ತೆಯ ಕೈ ಹಿಡಿದು ದಂಡೆಗೆ ಕರೆದುಕೊಂಡು ಹೋದೆ. ತೆರೆಗಳು ದೊಡ್ಡದಾಗಿ ಒಡೆಯುತ್ತಿದ್ದವು. ನೀರು ಇನ್ನೂ ದೂರ ಇರುವಾಗಲೇ ಅತ್ತೆ ಗಕ್ಕನೆ ನಿಂತು ನನ್ನ ರಟ್ಟೆ ಗಟ್ಟಿಯಾಗಿ ಹಿಡಿದರು.

"ಇದೇನ ಸಪ್ಪಳ?"

"ಸಮುದ್ರರೀ, ಅತ್ತಿಯಾರ."

"ಅಲ್ಲ. ನಾ ನೋಡಿದಾಗ ಒಂದೂ ಸಪ್ಪಳ ಇರಲಿಲ್ಲ." ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತರು. ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. "ಆವತ್ತ ಅಂಗಡ್ಯಾಗ ನಿನಗ ಕೇಳಿದ್ದ ಇದ ಏನವ್ವಾ?"

ಯಾರಿಗೂ ಹೇಳಿರದ ಮಾತು ಅದು. ಹೌದೆಂದೆ. ನನಗೆ ಕೇಳಿತು, ಕಾಣಲಿಲ್ಲ, ಬರೀ ಖೋಲಿ ಕಂಡವು ಎಂದು ಮೊದಲ ಸಲ ಬಾಯಿಬಿಟ್ಟು ಹೇಳಿದೆ. "ಅಯ್ಯ ನನ್ನವ್ವಾ" ಎಂದು ಅತ್ತೆ ನನ್ನ ಕೆನ್ನೆ ಸವರಿದರು. ಎದುರಿಗಿದ್ದ ನೀರಿಗೆ ಬೆನ್ನು ಮಾಡಿ ನಿಂತು, ತಾವು ಕಂಡದ್ದು ಹೇಗಿತ್ತೆಂದು ನನಗೆ ಹೇಳತೊಡಗಿದರು. ಬಣ್ಣ ಬೂದಿಯದು, ಬಿಸಿಲು ಇರಲಿಲ್ಲ, ಮಂದಿ ಇರಲಿಲ್ಲ, ದೋಣಿ ಇರಲಿಲ್ಲ. ಅವರು ಹೇಳಿದ್ದರಲ್ಲಿ ಒಂದೂ ನನ್ನ ಕಣ್ಣ ಮುಂದಿದ್ದ ಸಮುದ್ರಕ್ಕೆ ಹೊಂದಲಿಲ್ಲ. ಆದರೆ ಕಾಣದ ಅಕ್ಷರವನ್ನು ಕಂಡ ಹಾಗೆ ಕಟ್ಟಿ ಹೇಳುವವರ ಮುಖ ನಾನು ಅಂಗಡಿಯಲ್ಲಿ ದಿನಾ ನೋಡುತ್ತೇನೆ. ಅತ್ತೆಯ ಮುಖ ಹಾಗಿರಲಿಲ್ಲ. ಅವರು ಕಂಡಿದ್ದರು. ಅದು ಯಾವ ಸಮುದ್ರವೆಂದು ನನಗೆ ಇವತ್ತಿಗೂ ಗೊತ್ತಿಲ್ಲ.