ಕಬ್ಬಿಣವಿಲ್ಲದ ಹಡಗು

ಪುಣೆಯಿಂದ ಸಮುದ್ರ ನೋಡಬೇಕೆಂದರೆ ಲೋಣಾವಳಾ ದಾಟಿ ಘಟ್ಟ ಇಳಿಯಬೇಕು. ನಮ್ಮ ಕಾಕಾನ ನೌಕಾಪಡೆ ಮಾತ್ರ ಬಿಬವೇವಾಡಿಯಲ್ಲಿ, ನಮ್ಮ ಮನೆಯ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಪಕ್ಕದಲ್ಲಿದೆ. ಕಾಕಾ ಎಂದರೆ ಅಪ್ಪನ ತಮ್ಮ. ಹಗಲು ಸಾರಿಗೆ ಕಂಪನಿಯೊಂದರಲ್ಲಿ ಗುಮಾಸ್ತ. ಸಂಜೆಯಾದರೆ, ಯಾವ ನಕಾಶೆಯಲ್ಲೂ ಇಲ್ಲದ ಒಂದು ದ್ವೀಪದೇಶಕ್ಕೆ ಪುಟ್ಟ ಪುಟ್ಟ ಹಡಗು ಕಟ್ಟುವವನು. ಆ ದೇಶಕ್ಕೆ ತೋಪಿನ ಹಡಗುಗಳಿಲ್ಲ. ಇರುವುದೆಲ್ಲ ಮೈನ್ ಹುಡುಕುವ ಹಡಗುಗಳು, ಅಂದರೆ ಶತ್ರುಗಳು ನೀರಿನಡಿ ಇಟ್ಟುಹೋದ ಬಾಂಬುಗಳನ್ನು ಪತ್ತೆಹಚ್ಚಿ ದಾರಿ ತೆರವು ಮಾಡುವಂಥವು.

"ಹೊಡಿಯೋ ಹಡಗ ಎಲ್ಲಾರೂ ಮಾಡ್ತಾರ. ಹಾದಿ ಬಿಡಿಸೋ ಹಡಗ ಯಾರು ಮಾಡ್ತಾರ?" ಎನ್ನುವುದು ಅವನ ವಾದ.

ನಾನು ದಿನಚರಿ ಬರೆಯುತ್ತೇನೆಂದು ತಿಳಿದ ದಿನವೇ ಕಾಕಾ ನನ್ನನ್ನು ಆ ನೌಕಾಪಡೆಯ ಕಾರ್ಯದರ್ಶಿ ಮಾಡಿಬಿಟ್ಟ. ಯಾವ ವಾರ ಯಾವ ಪರೀಕ್ಷೆ, ಎಷ್ಟು ಸಲ ತೇಲಿತು, ಎಷ್ಟು ಸಲ ಮಗುಚಿತು ಎಂದು ಬರೆದಿಡುವುದು ನನ್ನ ಕೆಲಸ. ಮೊದಲ ತಿಂಗಳ ಲೆಕ್ಕದಲ್ಲಿ ಮಗುಚಿದ್ದೇ ಹೆಚ್ಚು.

ಇಂಥ ಹಡಗಿನಲ್ಲಿ ಕಬ್ಬಿಣ ಇರಬಾರದು. ಕಬ್ಬಿಣ ಹತ್ತಿರ ಬಂದರೆ ಸಾಕು, ಕೆಲವು ಮೈನ್‌ಗಳಿಗೆ ಗೊತ್ತಾಗಿ ಸಿಡಿಯುತ್ತವೆ. ಹಾಗಾಗಿ ಕಾಕಾ ಫೈಬರಿನ ಹಡಗಿಗೆ ಹಿತ್ತಾಳೆಯ ತಿರುಪು ಹಾಕಿದ್ದ. ಕಬ್ಬಿಣ ತಪ್ಪಿಸಲಾಗದ ಮೋಟಾರು, ಬ್ಯಾಟರಿಗಳನ್ನು ನೀರಿನಿಂದ ದೂರ, ಡೆಕ್ಕಿನ ಮೇಲೆ ಎತ್ತರದಲ್ಲಿ ಕೂರಿಸಿದ್ದ. ಹಡಗಿನ ಮುಂದೆ ಹೋಗಲು ಜನರಿಲ್ಲದ ಒಂದು ಮರಿದೋಣಿ. ಸಾಬೂನಿನ ಡಬ್ಬಿಯಲ್ಲಿ ಮಾಡಿದ್ದು. ಅದರ ಹೊಟ್ಟೆಯಲ್ಲಿದ್ದ ಸಣ್ಣ ಕ್ಯಾಮೆರಾ ನೀರೊಳಗಿನದನ್ನು ನನ್ನ ಮೊಬೈಲಿಗೆ ಕಳಿಸುತ್ತಿತ್ತು.

ಕಾಕಾ ಸದಸ್ಯನಾಗಿದ್ದ ಹಡಗು ಮಾದರಿಗಾರರ ಸಂಘ ಕೊಂಢವಾದಲ್ಲಿ ಸೇರುತ್ತಿತ್ತು. ಅಧ್ಯಕ್ಷರು ಕರಾವಳಿಯವರು, ಹೋಟೆಲು ನಡೆಸುವವರು. ತಾವು ಕಂಡ ಮೀನುದೋಣಿಗಳನ್ನು ಹಗ್ಗದ ಗಂಟೂ ತಪ್ಪದಂತೆ ಮಾಡುವ ಕೈ ಅವರದು. ದೀಪಾವಳಿಯ ಪ್ರದರ್ಶನಕ್ಕೆ ಕಾಕಾ ಜಾಗ ಕೇಳಿದಾಗ ಅವರು ನಕ್ಕೇಬಿಟ್ಟರು.

"ಇಲ್ಲದ ಹಡಗಿಗೆ ಮಾದರಿ ಹೇಗೆ ಮಾಡ್ತೀರಿ ಮಾರಾಯ್ರೇ? ನೋಡಿದವರು ಸರಿ ಉಂಟೋ ಇಲ್ವೋ ಅಂತ ಯಾವುದಕ್ಕೆ ಹೋಲಿಸಿ ಹೇಳ್ಬೇಕು?"

"ಕೆಲಸ ಮಾಡಿ ತೋರಿಸಿದ್ರ ಸರಿ ಅದ ಅಂತ ತಿಳೀರಿ," ಎಂದ ಕಾಕಾ.

ಮಾತಿಗೆ ಮಾತು ಬೆಳೆದು ಒಂದು ಒಪ್ಪಂದವಾಯಿತು. ಮಳೆಗಾಲದಲ್ಲಿ ಯಾರೂ ಈಜಲು ಬಾರದ ಅಲ್ಲಿನ ವಸತಿ ಸೊಸೈಟಿಯ ಈಜುಕೊಳದಲ್ಲಿ ಅಧ್ಯಕ್ಷರೇ ಐದು ಮೈನ್ ಇಡುವುದು: ಒಳಗೆ ಅಯಸ್ಕಾಂತವಿರುವ ಪ್ಲಾಸ್ಟಿಕ್ ಚೆಂಡುಗಳು, ನೀರಿನ ಮಟ್ಟಕ್ಕಿಂತ ತುಸು ಕೆಳಗೆ, ದಾರಕ್ಕೆ ಕಟ್ಟಿದವು. ಚೆಂಡು ಬಂದು ಹಡಗಿಗೆ ಅಂಟಿದರೆ ಸಿಡಿದಂತೆ. ಅವಕಾಶ ಎರಡು. ದಾಟಿದರೆ ಪ್ರದರ್ಶನದಲ್ಲಿ ಒಂದು ಮೇಜು ಪೂರ್ತಿ ಕಾಕಾನದು. ಇಲ್ಲದಿದ್ದರೆ ನಕಾಶೆಯಲ್ಲಿಲ್ಲದ ದೇಶದ ಮಾತನ್ನು ಸಂಘದಲ್ಲಿ ಮತ್ತೆ ಎತ್ತುವಂತಿಲ್ಲ. ಮೂರು ವರ್ಷದ ಕೆಲಸ. ಕಾಕಾ ಆ ವಾರ ಸರಿಯಾಗಿ ಊಟ ಮಾಡಲಿಲ್ಲ.

ಶನಿವಾರ ಬೆಳಿಗ್ಗೆ ಮನೆಯ ದೊಡ್ಡ ಟಬ್ಬಿನಲ್ಲಿ ಕೊನೆಯ ಪರೀಕ್ಷೆ. ಅಯಸ್ಕಾಂತವನ್ನು ಹಡಗಿನ ಅಡಿಭಾಗದ ಉದ್ದಕ್ಕೂ ಹಿಡಿದು ನೋಡಿದೆವು. ಎಲ್ಲೂ ಅಂಟಲಿಲ್ಲ. 'ಕಬ್ಬಿಣ: ಸೊನ್ನೆ' ಎಂದು ಬರೆದೆ.

ಭಾನುವಾರ ಅಜ್ಜಿಯೂ ಬಂದಳು. ಕೊಳದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮಗನ ಹಡಗನ್ನು ನೋಡಲು ಬಂದವರನ್ನೆಲ್ಲ ಒಬ್ಬೊಬ್ಬರಾಗಿ ದಿಟ್ಟಿಸಿದಳು. ಮರಿದೋಣಿ ಮುಂದೆ ಹೋಯಿತು. ನಾನು ಮೊಬೈಲ್ ನೋಡುತ್ತಾ "ಬಲಕ್ಕೊಂದು, ಎಡಕ್ಕೆರಡು" ಎಂದು ಕೂಗಿದೆ. ಐದೂ ಸಿಕ್ಕವು, ನಡುವೆ ಅಗಲವಾದ ದಾರಿಯೂ ಸಿಕ್ಕಿತು. ಕಾಕಾ ಹಡಗನ್ನು ಆ ದಾರಿಯಲ್ಲೇ ತಂದ. ಅರ್ಧ ದಾಟಿತ್ತು. ಪಕ್ಕದ ಚೆಂಡೊಂದು ಮೆಲ್ಲಗೆ ಓಲಾಡಿ, ಮೇಲೆ ಬಂದು, ಹಡಗಿನ ಮೂತಿಗೆ ಟಕ್ಕೆಂದು ಅಂಟಿತು.

"ಢಂ!" ಎಂದರು ಅಧ್ಯಕ್ಷರು. "ನಿಮ್ಮ ದೇಶದವರು ಈಜು ಬಲ್ಲರಾ?"

ಕಾಕಾ ಸೊಂಟದವರೆಗೆ ನೀರಿಗಿಳಿದು ಹಡಗನ್ನು ಎತ್ತಿದ. ಚೆಂಡು ಅಂಟಿದ್ದು ಹಡಗಿಗಲ್ಲ. ಮೂತಿಯ ಕೆಳಗೆ ನೇತಾಡುತ್ತಿದ್ದ ನಿಂಬೆಹಣ್ಣು, ಹಸಿಮೆಣಸಿನಕಾಯಿಯ ಸರಕ್ಕೆ. ಅದನ್ನು ಪೋಣಿಸಿದ್ದು ಕಬ್ಬಿಣದ ತಂತಿಯಲ್ಲಿ.

ಅದನ್ನು ಬೆಳಿಗ್ಗೆ ನಾನೂ ನೋಡಿದ್ದೆ, ಕಾಕಾನೂ ನೋಡಿದ್ದ. ರಿಕ್ಷಾ, ಅಂಗಡಿ, ಸ್ಕೂಟರು, ಎಲ್ಲದಕ್ಕೂ ಕಟ್ಟಿರುತ್ತದಲ್ಲ, ನೋಡಿದರೂ ಕಂಡಿರಲಿಲ್ಲ.

"ಅವ್ವಾ! ಇದನ್ನ ಯಾವಾಗ ಕಟ್ಟಿದಿ?"

"ನಿನ್ನೆ ಸಂಜಿಗೆ. ಶನಿವಾರ ಅಲ್ಲೇನು? ಹೊಸಾದಕ್ಕ ಕಟ್ಟದ ಹಂಗ ಹೊರಗ ಒಯ್ತಾರೇನು?"

"ಇದರಾಗ ಕಬ್ಬಿಣ ಇರಬಾರದು ಅಂತ ಮೂರು ವರ್ಷದಿಂದ ಬಡಕೊಳ್ಳಾಕತ್ತೀನಿ!"

"ನಿನ್ನ ಹಡಗದಾಗ ನಾ ಎಲ್ಲಿ ಇಟ್ಟೀನೋ? ನಿಂಬಿಹಣ್ಣಿನಾಗ ಇಟ್ಟೀನಿ."

ಎಲ್ಲರೂ ನಕ್ಕರು, ಕಾಕಾ ಒಬ್ಬನನ್ನು ಬಿಟ್ಟು. ಚಹಾ ಆದಮೇಲೆ ಎರಡನೆಯ ಅವಕಾಶ ಎಂದು ಅಧ್ಯಕ್ಷರು ಚೆಂಡುಗಳ ಜಾಗ ಬದಲಿಸಿದರು. ಈ ಸಲ ಅವರು ದಾಕ್ಷಿಣ್ಯ ತೋರಿಸಲಿಲ್ಲ. ಕೊಳದ ಅಗಲಕ್ಕೂ ಸಾಲಾಗಿ ಇಟ್ಟಿದ್ದರು. ಮರಿದೋಣಿ ಆಚೆಗೊಮ್ಮೆ ಈಚೆಗೊಮ್ಮೆ ತಿರುಗಿ ಐದನ್ನೂ ತೋರಿಸಿತು, ದಾರಿಯನ್ನು ತೋರಿಸಲಿಲ್ಲ. ಯಾವ ಎರಡರ ನಡುವೆಯೂ ಹಡಗು ಹಿಡಿಸುವಂತಿರಲಿಲ್ಲ. ಕಬ್ಬಿಣವಿಲ್ಲದಿದ್ದರೂ ಚೆಂಡಿಗೆ ತಾಗಿದರೆ ಸೋತಂತೆಯೇ. ಕಾಕಾ ರಿಮೋಟನ್ನು ನನ್ನ ಕೈಗೆ ಕೊಟ್ಟುಬಿಟ್ಟ.

ಅಜ್ಜಿಯ ಚಿಂತೆಯೇ ಬೇರೆ. ಬಿಚ್ಚಿದ ಸರವನ್ನು ಮಡಿಲಲ್ಲಿಟ್ಟುಕೊಂಡಿದ್ದಳು. "ದೊಡ್ಡದಕ್ಕ ಬ್ಯಾಡಂದ್ರ ಬಿಡು. ಆ ಸಣ್ಣದರ ಬಾಲಕ್ಕಾದ್ರೂ ಕಟ್ಟು. ಇಷ್ಟ ಮಂದಿ ಕಣ್ಣು ಅದ ಇಲ್ಲಿ."

"ಕೊಡು ಇಲ್ಲಿ, ನಿನ್ನ ಸಮಾಧಾನಕ್ಕ..." ಎಂದು ಕೈ ಚಾಚಿದ ಕಾಕಾ, ಸರವನ್ನು ಹಿಡಿದು ಹಾಗೇ ನಿಂತ. ತಂತಿಯನ್ನು ನೋಡಿದ. ಕೊಳವನ್ನು ನೋಡಿದ. ನಂತರ ನನ್ನ ಕಡೆ ತಿರುಗಿ, "ಉದ್ದನ ದಾರ ಅದಾ?" ಎಂದ.

ನನ್ನ ಚೀಲದಲ್ಲಿ ದಾರ ಇತ್ತು. ಮರಿದೋಣಿಯ ಹಿಂದೆ ಒಂದು ಮಾರು ದಾರ, ಅದರ ತುದಿಗೆ ತೇಲಲೆಂದು ಥರ್ಮಾಕೋಲಿನ ತುಂಡು, ಅದರ ಕೆಳಗೆ ಅಜ್ಜಿಯ ನಿಂಬೆಹಣ್ಣು. ದೋಣಿ ಎರಡು ಚೆಂಡುಗಳ ನಡುವೆ ನುಸುಳಿತು, ನಿಂಬೆಹಣ್ಣು ಹಿಂದೆ ಹಿಂದೆ ಹೋಯಿತು. ಟಕ್.

"ಢಂ! ದೋಣಿ ಹೋಯ್ತು!" ಅಧ್ಯಕ್ಷರು ಕೈಯೆತ್ತಿದರು.

"ದೋಣಿ ಎಲ್ಲಿ ಹೋತ್ರೀ? ಮಾರುದ್ದ ಮುಂದ ಅದ ನೋಡ್ರಿ. ಹೋಗಿದ್ದು ನಿಂಬಿಹಣ್ಣು."

"ಹಾಗಾದ್ರೆ ನಿಂಬೆಹಣ್ಣಿಗೆ ಪಿಂಚಣಿ ಕೊಡ್ಬೇಕಾ?"

"ಅದರ ಮನೀಯವರು ಇಲ್ಲೇ ಕುರ್ಚಿ ಮ್ಯಾಲ ಕೂತಾರ, ಕೇಳ್ರಿ!"

ಅಧ್ಯಕ್ಷರು ನಗುತ್ತಲೇ ಬಲೆ ಚಾಚಿ ಸಿಡಿದ ಚೆಂಡನ್ನು ಎತ್ತಿ ದಡಕ್ಕೆ ಹಾಕಿದರು. ಒಂದೊಂದಾಗಿ ಐದೂ ಬಂದವು. ನಾಲ್ಕನೆಯದಕ್ಕೆ ಮೆಣಸಿನಕಾಯಿ ಕಳಚಿ ತೇಲಿಹೋಯಿತು. ಆಮೇಲೆ ಖಾಲಿ ನೀರಿನಲ್ಲಿ ಹಡಗು ಅವಸರವಿಲ್ಲದೆ ಆಚೆ ದಡ ಮುಟ್ಟಿತು. ಅಧ್ಯಕ್ಷರು ಬಗ್ಗಿ ಅದನ್ನು ಎರಡೂ ಕೈಯಿಂದ ಎತ್ತಿ, ಮಗುಚಿ, ಹಿತ್ತಾಳೆಯ ತಿರುಪುಗಳನ್ನು ನೋಡಿದರು.

"ಇಂಥದ್ದು ಎಲ್ಲೂ ಇಲ್ಲ ಮಾರಾಯ್ರೇ," ಎಂದರು. ಈ ಸಲ ಅದು ಆಕ್ಷೇಪವಾಗಿರಲಿಲ್ಲ.

ದೀಪಾವಳಿಯಲ್ಲಿ ಕಾಕಾನಿಗೆ ಕಿಟಕಿಯ ಪಕ್ಕದ ಮೇಜು ಸಿಕ್ಕಿತು. ಯಾರು ಏನು ಕೇಳಿದರೆಂದು ನಾನು ಬರೆದುಕೊಂಡೆ. ಹಡಗಿನ ಬಗ್ಗೆ ಕೇಳಿದವರಿಗಿಂತ, ದೋಣಿಯ ಹಿಂದೆ ಅದೇನು ನಿಂಬೆಹಣ್ಣು ಎಂದು ಕೇಳಿದವರೇ ಹೆಚ್ಚು. ಕಾಕಾ ಪ್ರತಿಸಲವೂ ಗಂಭೀರವಾಗಿ, "ಅದು ನಮ್ಮ ಮುಖ್ಯ ಉಪಕರಣ ರೀ," ಎನ್ನುತ್ತಿದ್ದ.

ಅಜ್ಜಿ ಈಗಲೂ ಪ್ರತಿ ಶನಿವಾರ ಅದನ್ನು ಬದಲಿಸುತ್ತಾಳೆ. ಕಾಕಾ ತಾನೇ ಪೇಟೆಯಿಂದ ತಂತಿ ತಂದುಕೊಡುತ್ತಾನೆ, ಮೊದಲಿಗಿಂತ ದಪ್ಪದ್ದು.